ಹಳದಿ ನುಂಗಿದ ಫೋನು

ಫೋನು ಮತ್ತೆ ಹಟ ಹಿಡಿದು ಕೂತಿತು. ಪರದೆಯ ನಡುವೆ ಒಂದು ಚಕ್ರ ಸುತ್ತುತ್ತಿತ್ತು, ಸುತ್ತುತ್ತಲೇ ಇತ್ತು. ಟೈಲರಮ್ಮ ಅದನ್ನು ಅಂಗೈ ಮೇಲೆ ಎರಡು ಸಲ ಕುಟ್ಟಿದರು. ಒಮ್ಮೆ ಊದಿದರು. ಬಟ್ಟೆಯ ಚೂರಿನಿಂದ ಒರೆಸಿದರು. ಕೊನೆಗೆ "ನಿನ್ನ ಮನೆ ಹಾಳಾಗ" ಎಂದು ಬೈದರು. ಚಕ್ರಕ್ಕೆ ಅದೂ ಕೇಳಿಸಲಿಲ್ಲ.

ಇಂಥದೊಂದು ಫೋನು ಯಾರ ಮನೆಯಲ್ಲಿಲ್ಲ ಹೇಳಿ? ಕಡಿಮೆ ಬೆಲೆಗೆ ಸಿಕ್ಕಿತೆಂದು ತರುತ್ತೇವೆ. ಮೊದಲ ತಿಂಗಳು ಅಂಗೈಯಲ್ಲಿಟ್ಟು ಮೆರೆಸುತ್ತೇವೆ. ಆಮೇಲೆ ದಿನಾ ಬೈಯುತ್ತೇವೆ. ಟೈಲರಮ್ಮನಿಗೆ ಇದನ್ನು ಕೊಡಿಸಿದವನು ಅಳಿಯ. ಅವನು ಲಿಫ್ಟ್ ರಿಪೇರಿ ಮಾಡುವವನು, ಇವತ್ತು ಒಂದು ಊರು, ನಾಳೆ ಇನ್ನೊಂದು. ಹೆಂಡತಿಯನ್ನು ಹೆರಿಗೆಗೆ ತವರಲ್ಲಿ ಬಿಟ್ಟು ಹೋಗುವಾಗ, "ಅತ್ತೆ, ಮಗು ಹುಟ್ಟಿದ ಮೇಲೆ ದಿನಾ ಫೋಟೋ ಕಳಿಸಿ" ಎಂದು ಕೈಗಿಟ್ಟು ಹೋಗಿದ್ದ.

ಮಗು ಹುಟ್ಟಿ ಈಗ ನಾಲ್ಕು ದಿನ. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಕೂಸಿಗೆ ಗಾಳಿ ಸೋಕೀತೆಂದು ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆದು, ಒಂದು ಬಲ್ಬು ಉರಿಸಿಟ್ಟಿದ್ದರು. ಮುಂದಿನ ಕೋಣೆಯಲ್ಲಿ ಟೈಲರಮ್ಮನ ಹೊಲಿಗೆ ಮೆಷಿನ್ನು. ಅವರು ಮೆಷಿನ್ನಿನ ಮುಂದೆ ಕೂರುವುದು, ಎರಡು ಹೊಲಿಗೆ ಹಾಕುವುದು, ಎದ್ದು ಹಿಂದಿನ ಕೋಣೆಗೆ ಹೋಗುವುದು, ಬಂದು ಕೂರುವುದು. ಬೆಳಗಿನಿಂದ ಇದೇ ಆಗಿತ್ತು. ಒಂದು ಪ್ಯಾಂಟಿನ ಕಾಲನ್ನು ತಿರುಗಾಮುರುಗಾ ಹೊಲಿದು, ಬಿಚ್ಚಿ, ಮತ್ತೆ ತಿರುಗಾಮುರುಗಾ ಹೊಲಿದರು.

"ಏನೇ ನಿನ್ನ ಗೋಳು?" ಎಂದರು ಯಜಮಾನರು. ಅವರು ಮೂವತ್ತೈದು ವರ್ಷ ಟಪಾಲು ಹಂಚಿ ನಿವೃತ್ತರಾದವರು. ಈಗ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬೀದಿಗೆ ಬುದ್ಧಿ ಹಂಚುತ್ತಿದ್ದರು. "ಕಾಲಲ್ಲಿ ಚಕ್ರ ಕಟ್ಕೊಂಡಿದೀಯಾ? ಒಂದ್ಕಡೆ ಕೂತ್ಕೊ."

"ಮಗು ಅಳ್ತಾನೇ ಇಲ್ಲ ಕಣ್ರೀ."

"ಅಳದಿದ್ರೆ ಸಂತೋಷ ಪಡು. ಇಂಥ ಸಾಧು ಮಗು ನಮ್ಮ ಮನೇಲೇ ಹುಟ್ಟಿರಲಿಲ್ಲ. ನಿನ್ನ ಮಗಳು ಹುಟ್ಟಿದಾಗ ಬೀದಿಯೋರೆಲ್ಲ ಕಿವಿಗೆ ಹತ್ತಿ ಇಟ್ಕೊಂಡಿದ್ರು, ಮರ್ತುಹೋಯ್ತಾ?"

"ಹಾಲಿಗೂ ಎಬ್ಬಿಸ್ಬೇಕು. ಎರಡು ಗುಟುಕು ಕುಡಿಯುತ್ತೆ, ಮತ್ತೆ ಕಣ್ಣು ಮುಚ್ಚುತ್ತೆ."

"ಹೊಟ್ಟೆ ತುಂಬಿರುತ್ತೆ."

"ಆಸ್ಪತ್ರೇಲಿ ಮೂರನೇ ದಿನ ಕರ್ಕೊಂಡು ಬನ್ನಿ ಅಂದಿದ್ರು. ನಿನ್ನೆನೇ ಹೋಗ್ಬೇಕಿತ್ತು."

"ಹೊಲಿಗೆ ಹಾಕಿದ ಹಸಿಮೈ. ಆಟೋದಲ್ಲಿ ಕುಲುಕಿಸ್ಕೊಂಡು ಯಾಕೆ ಹೋಗೋದು? ಫೋಟೋ ಕಳಿಸಿದ್ಯಲ್ಲ. ಸಿಸ್ಟರ್ ಏನಂದ್ರು? ಓದು."

ಟೈಲರಮ್ಮ ಓದಬೇಕಾಗಿರಲಿಲ್ಲ, ಬಾಯಿಪಾಠವಾಗಿತ್ತು. ಬೆಳಗ್ಗೆ ಏಳು ಗಂಟೆಗೆ ಮಗುವಿನ ಫೋಟೋ ತೆಗೆದು ಆಸ್ಪತ್ರೆಯ ಸಿಸ್ಟರಿಗೆ ಕಳಿಸಿದ್ದರು. ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವ ಸಿಸ್ಟರ್ ಅವರು. ಉತ್ತರ ತಕ್ಷಣ ಬಂದಿತ್ತು: "ಫೋಟೋದಲ್ಲಿ ಮಗು ಚೆನ್ನಾಗಿ ಕಾಣ್ತಿದೆ."

"ಅಷ್ಟೇ ಸಾಕು," ಎಂದರು ಯಜಮಾನರು. "ಇನ್ನೇನಾದ್ರೂ ಹೇಳೋದಿದ್ರೆ ಇನ್ನೊಂದು ಮೆಸೇಜ್ ಬರ್ತಿತ್ತು. ಕಾಗದ ಬಂದ್ರೆ ಬಾಗಿಲು ತಟ್ಟೇ ತಟ್ಟುತ್ತೆ. ಬಾಗಿಲು ತಟ್ಟಿಲ್ಲ ಅಂದ್ರೆ ಕಾಗದ ಇಲ್ಲ. ನನ್ನ ಸರ್ವಿಸೇ ಅಷ್ಟಾಗಿದೆ, ನಂಗೆ ಹೇಳ್ಕೊಡ್ಬೇಡ."

ಟೈಲರಮ್ಮ ಸುಮ್ಮನಾದರು. ಕಾಲು ಸುಮ್ಮನಾಗಲಿಲ್ಲ. ಮೆಷಿನ್ನಿನ ಮುಂದೆ ಕೂರದಿದ್ದಾಗಲೂ ಅವರ ಬಲಗಾಲು ನೆಲದ ಮೇಲೆ ಪೆಡಲ್ ತುಳಿಯುತ್ತಿತ್ತು. ಆಗೀಗ ಫೋನು ಎತ್ತಿ ಬೆಳಗಿನ ಫೋಟೋ ನೋಡಲು ಹೋದರೆ ಅದೇ ಚಕ್ರ. ಹನ್ನೊಂದು ಗಂಟೆಗೆ ತಾಳ್ಮೆ ಕೆಟ್ಟಿತು. "ಇದನ್ನ ಮುಕ್ಕಣ್ಣಿಗೆ ತೋರಿಸ್ಕೊಂಡು ಬರ್ತೀನಿ" ಎಂದು ಎದ್ದು ಹೊರಟೇಬಿಟ್ಟರು.

ಮುಕ್ಕಣ್ಣಿ ಎಂದರೆ ಎರಡು ಅಂಗಡಿ ಆಚೆಗಿನ ಮೊಬೈಲ್ ರಿಪೇರಿಯವಳು. ಹಣೆಗೆ ಭೂತಗನ್ನಡಿ ಕಟ್ಟಿಕೊಂಡೇ ಕೂರುವುದರಿಂದ ಬೀದಿಯವರು ಇಟ್ಟ ಹೆಸರು. ಅವಳ ಅಂಗಡಿ ಎಷ್ಟು ಇಕ್ಕಟ್ಟೆಂದರೆ ಗಿರಾಕಿ ಒಳಗೆ ಬಂದರೆ ಅವಳು ಹೊರಗೆ ಹೋಗಬೇಕು. ಗೋಡೆ ತುಂಬ ಬಿಚ್ಚಿದ ಫೋನುಗಳು, ಒಡೆದ ಗಾಜುಗಳು, ಪುಟ್ಟ ಡಬ್ಬಿಗಳಲ್ಲಿ ಸಾಸಿವೆ ಗಾತ್ರದ ಸ್ಕ್ರೂಗಳು.

"ತಂಗಿ, ಈ ಡಬ್ಬಾನ ತಗೊಂಡು ಕಸಕ್ಕೆ ಹಾಕು," ಎಂದು ಟೈಲರಮ್ಮ ಫೋನನ್ನು ಮೇಜಿನ ಮೇಲಿಟ್ಟರು. "ಕಡಿಮೆ ಬೆಲೆದು ಅಂದ್ರೆ ಇಷ್ಟೇ ಹಣೆಬರಹ."

ಮುಕ್ಕಣ್ಣಿ ಫೋನನ್ನು ತಿರುಗಿಸಿ ನೋಡಿದಳು. "ಡಬ್ಬಾ ಅನ್ಬೇಡಿ ಅಕ್ಕ. ಚಾರ್ಜಿಗೆ ಹಾಕಿದ್ದು ಯಾವಾಗ?"

"ನಿನ್ನೆ ಬೆಳಗ್ಗೆ."

"ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ ನೋಡಿ. ಅಷ್ಟು ಬೆಲೆ ಕೊಟ್ಟು ತಂದ ಫೋನುಗಳು ಸಂಜೆ ಆದ್ರೆ ಇಲ್ಲಿ ಬಂದು ಚಾರ್ಜರ್ ಕೇಳ್ತವೆ. ಎರಡು ಸಿಮ್ ಹಾಕ್ಬಹುದು. ಮೆಮೊರಿ ಕಾರ್ಡಿಗೆ ಬೇರೆ ಜಾಗ ಇದೆ. ಗಾಜು ಒಡೆದ್ರೆ ನಾನೇ ಅರ್ಧ ಗಂಟೇಲಿ ಹಾಕ್ಕೊಡ್ತೀನಿ, ಕಂಪನಿಗೆ ಓಡ್ಬೇಕಿಲ್ಲ. ಕತ್ತೆ ಥರ ದುಡಿಯುತ್ತೆ ಇದು. ಆದ್ರೆ ಕುದುರೆ ರೇಸಿಗೆ ಬಿಡ್ಬಾರ್ದು."

"ಹಾಗಾದ್ರೆ ಯಾಕೆ ನಿಂತ್ಕೊಳ್ಳುತ್ತೆ?"

"ಹೊಟ್ಟೆ ಬಿರಿಯೋ ಹಾಗೆ ತುಂಬಿಸಿದೀರಿ. ನೋಡಿ, ನಿಮ್ಮ ಬಳಗದೋರು ಕಳಿಸಿದ ಶುಭೋದಯನೇ ಎರಡು ಸಾವಿರ ಇದೆ. ಒಂದೊಂದು ಹೂವೂ ಇಲ್ಲೇ ಕೂತಿದೆ."

"ಡಬ್ಬಿ ಮೇಲೆ ನಾಲ್ಕು ಪ್ಲಸ್ ನಾಲ್ಕು, ಎಂಟು ಜಿಬಿ ಮೆಮೊರಿ ಅಂತ ಬರ್ದಿತ್ತಲ್ಲೇ. ನಮ್ಮ ಅಳಿಯ ಹೊಗಳಿದ್ದೇ ಹೊಗಳಿದ್ದು."

ಮುಕ್ಕಣ್ಣಿ ನಕ್ಕಳು. "ನಿಜವಾದ ಮೆಮೊರಿ ನಾಲ್ಕೇ ಅಕ್ಕ. ಇನ್ನ ನಾಲ್ಕು ಒಳಗಿನ ಸ್ಟೋರೇಜಿಂದ ಕಡ ತಂದದ್ದು. ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ತಂದು, ನಮ್ಮನೇಲಿ ಎಂಟು ಕುರ್ಚಿ ಇದೆ ಅಂದ ಹಾಗೆ. ಆ ಸ್ಟೋರೇಜೂ ನಿಧಾನದ್ದು. ಅದೂ ತುಂಬಿದ್ರೆ ಫೋನ್ ಎಲ್ಲಿಗೆ ಹೋಗ್ಬೇಕು?" ಮಾತಾಡುತ್ತಲೇ ಅವಳ ಬೆರಳು ಹೂವುಗಳನ್ನು ಗುಡಿಸಿ ಹಾಕುತ್ತಿತ್ತು. "ಮೆಸೇಜ್ ಸರಿಯಾಗಿ ಬರ್ತಿದೆಯಾ?"

"ಬಂದ್ರೆ ಟಿಂಗ್ ಅನ್ನುತ್ತಲ್ಲ. ಬೆಳಗ್ಗೆ ಒಂದು ಬಂತು. ಆಮೇಲಿಂದ ಇಲ್ಲ."

ಮುಕ್ಕಣ್ಣಿಯ ಬೆರಳು ನಿಂತಿತು. "ಬ್ಯಾಟರಿ ಉಳಿಸೋದನ್ನ ಪೂರ್ತಿ ಆನ್ ಮಾಡಿದೀರಿ. ಬ್ಯಾಟರಿ ಎರಡು ದಿನ ಬರೋದು ಸುಮ್ನೆ ಅಲ್ಲ ಅಕ್ಕ. ನಾವು ತೆರೆದು ನೋಡದ ಆ್ಯಪ್‌ಗಳನ್ನ ಈ ಫೋನು ಮಲಗಿಸಿಬಿಡುತ್ತೆ. ಮೆಸೇಜ್ ಆ್ಯಪನ್ನೂ ಮಲಗಿಸಿದೆ. ಮಲಗಿದೋರಿಗೆ ಬಾಗಿಲು ತಟ್ಟಿದ್ದು ಕೇಳಿಸುತ್ತಾ?" ಅವಳು ಆ ಆ್ಯಪನ್ನು ತೆರೆದಳು.

ಟಿಂಗ್. ಟಿಂಗ್. ಟಿಂಗ್. ಫೋನು ಮೇಜಿನ ಮೇಲೆ ಕುಣಿಯಿತು. ಎಲ್ಲವೂ ಸಿಸ್ಟರದ್ದೇ.

ಏಳೂವರೆಗೆ: "ಫೋಟೋ ನೋಡಿ ಹೇಳೋಕಾಗಲ್ಲ. ಕಿಟಕಿ ಬೆಳಕಲ್ಲಿ ಮಗುವಿನ ಎದೆ, ಅಂಗಾಲು ನೋಡಿ ಹೇಳಿ." ಎಂಟಕ್ಕೆ: "ಹಾಲು ಎಷ್ಟು ಸಲ ಕುಡೀತು? ನಿದ್ದೆ ಜಾಸ್ತಿ ಇದೆಯಾ?" ಆಮೇಲೆ ಅದೇ ಆ್ಯಪಿನಲ್ಲಿ ಎರಡು ಸಲ ಕರೆ ಮಾಡಿದ್ದರು, ಅವೂ ಸದ್ದು ಮಾಡಿರಲಿಲ್ಲ. ಒಂಬತ್ತೂವರೆಗೆ: "ಇವತ್ತು ತಪ್ಪದೆ ಮಗುವನ್ನು ಕರೆತನ್ನಿ."

ಟೈಲರಮ್ಮ ಮೇಜಿನ ಮೇಲೆ ಬಗ್ಗಿದರು. "ಏನಾಗಿದೆ ಅಂತೆ? ಯಾಕೆ ಹೀಗೆ ಕೇಳ್ತಿದಾರೆ? ಫೋಟೋ ನೋಡು ತಂಗಿ, ನೀನೇ ನೋಡು. ಮಗು ಚೆನ್ನಾಗೇ ಇದೆಯಲ್ಲ?"

ಮುಕ್ಕಣ್ಣಿ ಫೋಟೋ ದೊಡ್ಡದು ಮಾಡಿದಳು. ಈಗ ಚಕ್ರ ಸುತ್ತಲಿಲ್ಲ, ಫೋಟೋ ಥಟ್ಟನೆ ತೆರೆಯಿತು. ಗುಲಾಬಿ ಕೆನ್ನೆಯ ಬೆಳ್ಳನೆಯ ಕೂಸು ಬಟ್ಟೆಯೊಳಗೆ ಮಲಗಿತ್ತು. ಕ್ಯಾಲೆಂಡರಿನಲ್ಲಿ ಹಾಕಬಹುದಿತ್ತು, ಅಷ್ಟು ಚೆಂದ.

ಟೈಲರಮ್ಮ ಕೂಸನ್ನು ನೋಡುತ್ತಿದ್ದವರು ಮೆಲ್ಲಗೆ ಬಟ್ಟೆಯನ್ನು ನೋಡತೊಡಗಿದರು. ಆ ಹೊದಿಕೆಯನ್ನು ಹೊಲಿದವರು ಅವರೇ. ಅದಕ್ಕೆ ದಾರ ಹೊಂದಿಸಲು ನಾಲ್ಕು ರೀಲು ತಿರಸ್ಕರಿಸಿದ್ದರು. ಅವರ ಅಂಗಡಿಯಲ್ಲಿ ಯಾರೂ ದೀಪದ ಕೆಳಗೆ ದಾರ ಹೊಂದಿಸುವಂತಿರಲಿಲ್ಲ. ದೀಪ ಸುಳ್ಳು ಹೇಳುತ್ತದೆ, ಬಟ್ಟೆಯನ್ನು ಹೊಸ್ತಿಲ ಆಚೆ ಬಿಸಿಲಿಗೆ ಹಿಡಿದು ನೋಡಬೇಕು ಎನ್ನುವುದು ಅವರ ನಿಯಮ. ಗಿರಾಕಿಗಳು ಬಟ್ಟೆಯ ಫೋಟೋ ಕಳಿಸಿದರೆ "ಬಟ್ಟೆ ತಗೊಂಡು ಬಾ, ಫೋಟೋಗೆ ದಾರ ಹಾಕಲ್ಲ ನಾನು" ಎಂದು ಬೈದು ಕಳಿಸುತ್ತಿದ್ದರು.

"ತಂಗಿ," ಎಂದರು. "ಈ ಹೊದಿಕೆ ಯಾವ ಬಣ್ಣ?"

"ಕೆನೆ ಬಣ್ಣ. ಬಿಳಿ ಅಂತ್ಲೂ ಅನ್ಬಹುದು."

"ಅದು ನಿಂಬೆಹಣ್ಣಿನ ಹಳದಿ ಕಣೆ. ಅಚ್ಚ ಹಳದಿ. ನನ್ನ ಕೈಯಾರೆ ಕತ್ತರಿಸಿದ ಬಟ್ಟೆ. ಹಳದಿ ಎಲ್ಲೋಯ್ತು?"

ಮುಕ್ಕಣ್ಣಿ ಭೂತಗನ್ನಡಿಯನ್ನು ಹಣೆಯ ಮೇಲಕ್ಕೆ ತಳ್ಳಿ, ಕ್ಯಾಮೆರಾ ತೆರೆದು ನೋಡಿದಳು. "ಬ್ಯೂಟಿ ಮೋಡ್ ಆನ್ ಇದೆ ಅಕ್ಕ. ಅಂಗಡಿಯಿಂದ ಬಂದಾಗಲೇ ಆನ್ ಇರುತ್ತೆ. ಮುಖ ಕಂಡ್ರೆ ಸಾಕು, ಬೆಳ್ಳಗೆ ಮಾಡಿ ಪೌಡರ್ ಹಚ್ಚಿಬಿಡುತ್ತೆ. ಅದ್ರ ಜೊತೆಗೆ ಬಲ್ಬಿನ ಬೆಳಕು ಹಳದಿ ಅಂದ್ಕೊಂಡು ಆ ಹಳದೀನೆಲ್ಲ ತೆಗೆದುಹಾಕಿದೆ. ಬಟ್ಟೆದೂ ಹೋಗಿದೆ, ಮತ್ತೆ..."

ಮಾತು ಮುಗಿಯುವುದರೊಳಗೆ ಟೈಲರಮ್ಮ ಬೀದಿಯಲ್ಲಿದ್ದರು. ಚಪ್ಪಲಿ ಮುಕ್ಕಣ್ಣಿಯ ಅಂಗಡಿಯಲ್ಲೇ ಉಳಿಯಿತು. ಮುಕ್ಕಣ್ಣಿ ಫೋನು ಹಿಡಿದುಕೊಂಡು, ಬಾಗಿಲನ್ನು ಅರ್ಧ ಎಳೆದು, ಅವರ ಹಿಂದೆಯೇ ಓಡಿದಳು.

"ಮತ್ತೇನು ಬಂತು?" ಎಂದು ಯಜಮಾನರು ಕುರ್ಚಿಯಿಂದ ಏಳುವಷ್ಟರಲ್ಲಿ ಟೈಲರಮ್ಮ ಹಿಂದಿನ ಕೋಣೆ ಸೇರಿ ಪರದೆಯನ್ನು ಸರ್ರನೆ ಎಳೆದಿದ್ದರು. ಕಿಟಕಿ ತೆರೆಯಿತು. ಮಗಳು ಕಣ್ಣಿಗೆ ಕೈ ಅಡ್ಡ ಹಿಡಿದು, "ಅಮ್ಮಾ, ಏನ್ ಮಾಡ್ತಿದೀಯ? ಮಗುಗೆ ಗಾಳಿ..." ಎಂದಳು.

"ಮಗು ಕೊಡು."

ಕಿಟಕಿಯ ಬೆಳಕಲ್ಲಿ ಹಿಡಿದರು. ಹೊದಿಕೆ ಬಿಚ್ಚಿದರು. ಎದೆಯ ಮೇಲೆ ಬೆರಳಿಟ್ಟು ಮೆತ್ತಗೆ ಒತ್ತಿ, ಬೆರಳು ತೆಗೆದರು. ಒತ್ತಿದ ಜಾಗ ಹಳದಿ. ಹೊಟ್ಟೆ ಹಳದಿ. ತೊಡೆ ಹಳದಿ. ಅಂಗಾಲು ತಿರುಗಿಸಿ ನೋಡಿದರು, ಅಲ್ಲೂ ಹಳದಿ. ಕಣ್ಣಿನ ರೆಪ್ಪೆ ಬಿಡಿಸಿದರೆ ಬಿಳಿಗುಡ್ಡೆಯಲ್ಲೂ ಅದೇ. ಇಷ್ಟೆಲ್ಲ ಮಾಡಿದರೂ ಕೂಸು ಅಳಲಿಲ್ಲ. ಬಾಯಿ ಸ್ವಲ್ಪ ಅಲುಗಿಸಿ ಮತ್ತೆ ನಿದ್ದೆಗೆ ಜಾರಿತು. ನಾಲ್ಕು ದಿನದಿಂದ ಸಾಧು ಮಗು, ಸಾಧು ಮಗು ಎಂದು ಮುದ್ದಾಡಿದ್ದನ್ನು ನೆನೆದು ಟೈಲರಮ್ಮನಿಗೆ ತಮ್ಮ ಮೇಲೇ ಅಸಹ್ಯವಾಯಿತು.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. "ಕಾಮಾಲೆ ಅಷ್ಟೇ. ಎಳೆ ಮಕ್ಕಳಿಗೆಲ್ಲ ಬರುತ್ತೆ. ನಾಲ್ಕು ದಿನ ಬೆಳಗಿನ ಬಿಸಿಲಿಗೆ ಹಿಡಿದ್ರೆ ಹೋಗುತ್ತೆ. ಸಿಸ್ಟರೇ ಚೆನ್ನಾಗಿದೆ ಅಂದಿದಾರಲ್ಲ."

"ಫೋಟೋದಲ್ಲಿ ಚೆನ್ನಾಗಿದೆ ಅಂದಿದಾರೆ!" ಟೈಲರಮ್ಮ ಕಿರುಚಿದರು. "ಫೋಟೋದಲ್ಲಿ! ಆಮೇಲೆ ಮೂರು ಮೆಸೇಜ್ ಹಾಕಿದಾರೆ, ಎರಡು ಸಲ ಕರೆದಿದಾರೆ. ನಿಮ್ಮ ಬಾಗಿಲು ಯಾರೂ ತಟ್ಟಲಿಲ್ಲ ಅಂತ ಕೂತಿದ್ರಲ್ಲ!"

ಮುಕ್ಕಣ್ಣಿ ಆಗಲೇ ಸಿಸ್ಟರ್ ನಂಬರಿಗೆ ಕರೆ ಹಚ್ಚಿದ್ದಳು. ಒಂದನೇ ಸಿಮ್ಮಿನಲ್ಲಿ ನೆಟ್‌ವರ್ಕ್ ಇಲ್ಲ. ತಡಮಾಡದೆ ಎರಡನೆಯದಕ್ಕೆ ಬದಲಾಯಿಸಿದಳು. ರಿಂಗಾಯಿತು. ಸ್ಪೀಕರ್ ಹಾಕಿದಳು. ಆ ಅಗ್ಗದ ಫೋನಿನ ಸ್ಪೀಕರು ಎಂಥದೆಂದರೆ ಸಿಸ್ಟರ್ ದನಿ ಕೋಣೆಯನ್ನೆಲ್ಲ ತುಂಬಿ ಬೀದಿಗೂ ಹೋಯಿತು.

"ಅಂಗಾಲೂ ಹಳದಿ ಇದೆಯಾ?"

"ಇದೆ ಸಿಸ್ಟರ್."

"ಮಗು ಎದ್ದು ಹಾಲು ಕುಡೀತಿದೆಯಾ?"

"ಇಲ್ಲ. ಬರೀ ನಿದ್ದೆ. ಸಾಧು ಮಗು ಅಂದ್ಕೊಂಡ್ವಿ."

"ಈಗಲೇ ಹೊರಡಿ. ನಾಳೆ ಅನ್ಬೇಡಿ, ಸಂಜೆ ಅನ್ಬೇಡಿ. ಬಿಸಿಲಿಗೆ ಹಿಡ್ಕೊಂಡು ಕೂರ್ಬೇಡಿ, ಈ ಹಳದಿ ಬಿಸಿಲಿಗೆ ಹೋಗಲ್ಲ. ತಾಯಿನೂ ಕರ್ಕೊಂಡು ಬನ್ನಿ. ದಾರೀಲಿ ಮಗುನ ಎಬ್ಬಿಸಿ ಹಾಲು ಕೊಡ್ತಾ ಬನ್ನಿ. ನಾನು ವಾರ್ಡಿಗೆ ಹೇಳಿರ್ತೀನಿ."

ಯಜಮಾನರ ಮುಖ ಇಳಿದುಹೋಯಿತು. ಅವರೇ ಬೀದಿಯ ತುದಿಗೆ ಓಡಿ ಆಟೋ ಕರೆತಂದರು. ಆ ವಯಸ್ಸಿನಲ್ಲಿ ಅವರು ಅಷ್ಟು ಜೋರಾಗಿ ಓಡಿದ್ದನ್ನು ಬೀದಿಯವರು ನೋಡಿದ್ದು ಅದೇ ಮೊದಲು.

ಆಟೋದಲ್ಲಿ ಟೈಲರಮ್ಮ ಮಗುವಿನ ಅಂಗಾಲು ಕೆರೆದರು, ಕಿವಿ ಮುಟ್ಟಿದರು, ಹೆಸರಿಲ್ಲದ ಕೂಸನ್ನು ಸಿಕ್ಕ ಸಿಕ್ಕ ಹೆಸರಿನಿಂದ ಕರೆದರು. "ಏಳೇ ನನ್ನವ್ವ, ಏಳೇ ಬಂಗಾರಿ, ಏಳೇ ಕತ್ತೆ." ಮಗಳು ಅಳುತ್ತ ಹಾಲು ಕೊಡಲು ನೋಡಿದಳು. ಕೂಸು ಒಂದು ಗುಟುಕು ಕುಡಿಯಿತು, ಬಾಯಿ ಬಿಟ್ಟಿತು. ಕೆಂಪು ದೀಪದಲ್ಲಿ ಆಟೋ ನಿಂತಾಗೆಲ್ಲ ಟೈಲರಮ್ಮನ ಬಲಗಾಲು ಅದರ ನೆಲವನ್ನು ಒದೆಯುತ್ತಿತ್ತು. "ನಿನ್ನೆನೇ ಬರ್ಬೇಕಿತ್ತು," ಎಂದು ಅವರು ಹೇಳಿದ್ದನ್ನೇ ಹೇಳಿದರು. "ಆ ಫೋಟೋ ಕಳಿಸಿದ್ದು ನಾನೇ. ನಾನೇ ಕಳಿಸಿದೆ." ಮಗುವಿಗೆ ಏನಾದರೂ ಆದರೆ ಈ ಮಾತನ್ನು ಸಾಯುವವರೆಗೆ ಹೇಳಿಕೊಳ್ಳಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆದರು. ಆಗಲೂ ಕೂಸು ಕುಂಯ್ ಎಂದಿತೇ ಹೊರತು ಅಳಲಿಲ್ಲ. ಅದರ ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ದೀಪದ ಪೆಟ್ಟಿಗೆಯಲ್ಲಿ ಮಲಗಿಸಿದರು. ಡಾಕ್ಟರಮ್ಮ ವರದಿ ನೋಡಿ ಮೂವರನ್ನೂ ಹತ್ತಿರ ಕರೆದರು.

"ಎಳೆ ಮಕ್ಕಳಲ್ಲಿ ಸ್ವಲ್ಪ ಹಳದಿ ಸಾಮಾನ್ಯ. ಹೆಚ್ಚಿನವರಿಗೆ ತಾನಾಗೇ ಹೋಗುತ್ತೆ. ಆದ್ರೆ ಕೆಲವರಿಗೆ ಏರ್ತಾ ಹೋಗುತ್ತೆ. ತುಂಬಾ ಏರಿದ್ರೆ ಮೆದುಳಿಗೆ ಪೆಟ್ಟು, ಕಿವಿ ಕೇಳಿಸದೆ ಹೋಗ್ಬಹುದು, ಜೀವಕ್ಕೂ ಅಪಾಯ. ಅದಕ್ಕೇ ಮೂರನೇ ದಿನ ಬನ್ನಿ ಅಂದಿದ್ದು. ನಿಮ್ಮ ಮಗುವಿಗೆ ಏರಿದೆ, ಆದ್ರೆ ದೀಪಕ್ಕೆ ಇಳಿಯೋ ಹಂತದಲ್ಲೇ ಬಂದಿದೀರಿ. ಇನ್ನೊಂದು ದಿನ ಬಿಟ್ಟಿದ್ರೆ ಇಷ್ಟು ಧೈರ್ಯವಾಗಿ ಹೇಳ್ತಿರಲಿಲ್ಲ ನಾನು."

ಟೈಲರಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತರು, ಎದ್ದರು, ಗಾಜಿನೊಳಗೆ ಇಣುಕಿದರು, ಮತ್ತೆ ಕೂತರು. ಯಜಮಾನರು ಪಕ್ಕದಲ್ಲಿ ಕೈಕಟ್ಟಿ ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ, "ತಪ್ಪು ನಂದು ಕಣೆ" ಎಂದರು. ಅವರ ಬಾಯಿಂದ ಈ ಮಾತು ಮದುವೆಯಾದಾಗಿನಿಂದ ಎರಡನೇ ಸಲ ಬಂದದ್ದು. ಟೈಲರಮ್ಮ ಅವರ ಮೊಣಕೈ ಹಿಡಿದುಕೊಂಡರು.

ಅಷ್ಟರಲ್ಲಿ ಅಳಿಯನ ಫೋನು ಬಂತು. ವಿಷಯ ಕೇಳಿ ಅವನು ಕೆಂಡವಾದ. "ಅತ್ತೆ, ಆ ದರಿದ್ರ ಫೋನ್ ಎಸೀರಿ. ನಾನು ಇವತ್ತೇ ಒಳ್ಳೆ ದುಬಾರಿ ಫೋನ್ ಬುಕ್ ಮಾಡ್ತೀನಿ. ಕಂತಲ್ಲಾದ್ರೂ ಸರಿ."

ಚಪ್ಪಲಿ ತಲುಪಿಸಲು ಬಂದಿದ್ದ ಮುಕ್ಕಣ್ಣಿ ಫೋನು ಇಸಕೊಂಡಳು. "ಅಣ್ಣಾ, ಒಂದ್ನಿಮಿಷ. ದುಬಾರಿ ಫೋನಿನ ಕ್ಯಾಮೆರಾ ಚೆನ್ನಾಗಿರುತ್ತೆ, ಕತ್ತಲಲ್ಲೂ ತೆಗೆಯುತ್ತೆ, ನಾನಿಲ್ಲ ಅನ್ನಲ್ಲ. ಆದ್ರೆ ಅದೂ ಫೋಟೋನ ಚೆಂದ ಮಾಡೋಕೇ ನೋಡುತ್ತೆ. ಎಷ್ಟೇ ಬೆಲೆ ಕೊಟ್ರೂ ಅದು ಡಾಕ್ಟರಾಗಲ್ಲ."

"ಮತ್ತೆ ಈ ಫೋನಿಂದ ಏನುಪಯೋಗ?"

"ಒಂದು ಸಿಮ್ ಕೈಕೊಟ್ಟಾಗ ಸಿಸ್ಟರ್ ಸಿಕ್ಕಿದ್ದು ಇದ್ರಲ್ಲೇ. ಇಲ್ಲಿಗೆ ಯಾರೂ ಚಾರ್ಜರ್ ತಂದಿಲ್ಲ, ಆದ್ರೂ ನೀವು ಮಾತಾಡ್ತಿರೋದು ಇದ್ರಲ್ಲೇ. ಕರೆ ಮಾಡೋಕೆ, ಮಾತು ಕೇಳೋಕೆ, ದಾರಿ ಹುಡುಕೋಕೆ ಇದು ಸಾಕು. ಬಣ್ಣ ನೋಡೋಕೆ ಸಾಲ್ದು. ಇದ್ರ ಕೈಲಿ ಆಗೋ ಕೆಲಸ ಕೊಡಿ, ಆಗದ ಕೆಲಸ ಕೊಡ್ಬೇಡಿ. ನೀವು ಆಟೋ ಓಡಿಸೋನ ಕೈಲಿ ಲಿಫ್ಟ್ ರಿಪೇರಿ ಮಾಡಿಸ್ತೀರಾ?"

ಲಿಫ್ಟಿನ ಮಾತು ಅಳಿಯನಿಗೆ ನಾಟಿತು.

ಮುಕ್ಕಣ್ಣಿ ಬೆಂಚಿನ ಮೇಲೇ ಕೂತು ಫೋನಿಗೆ ಚಿಕಿತ್ಸೆ ಮಾಡಿದಳು. ಬ್ಯೂಟಿ ಮೋಡ್ ತೆಗೆದಳು. ಬ್ಯಾಟರಿ ಸೆಟ್ಟಿಂಗಿಗೆ ಹೋಗಿ, ಮೆಸೇಜ್ ಆ್ಯಪನ್ನು ಮಾತ್ರ ಮಲಗಿಸಬೇಡ ಎಂದು ಅದಕ್ಕೆ ಅಪ್ಪಣೆ ಕೊಟ್ಟಳು. ಫೋಟೋಗಳು ತಾವಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದಳು. ಯಜಮಾನರು ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. "ಫೋನ್ ಸ್ವಚ್ಛ ಮಾಡ್ತೀವಿ ಅಂತ ಜಾಹೀರಾತು ಬರುತ್ತಲ್ಲಮ್ಮ, ಅದನ್ನ ಹಾಕ್ಕೊಳ್ಲಾ?" ಎಂದು ಕೇಳಿದರು.

"ಬೇಡ ಅಂಕಲ್. ಅವೇ ಕಸ. ಬೇಡದ ಆ್ಯಪ್ ತೆಗೀರಿ, ಅದೇ ಸ್ವಚ್ಛ. ಇನ್ನೊಂದು, ಕಡಿಮೆ ಬೆಲೆ ಫೋನುಗಳಿಗೆ ಅಪ್‌ಡೇಟು ಕೆಲವೇ ವರ್ಷ ಬರೋದು. ಅದು ನಿಂತ ಮೇಲೆ ಕಳ್ಳರಿಗೆ ಒಳಗೆ ಬರೋದು ಸುಲಭ. ಹೊಸದು ತಗೊಳ್ಳುವಾಗ ಕ್ಯಾಮೆರಾ ಎಷ್ಟು, ನಾಲ್ಕು ಪ್ಲಸ್ ಎಷ್ಟು ಅಂತ ಕೇಳ್ಬೇಡಿ. ಎಷ್ಟು ವರ್ಷ ಅಪ್‌ಡೇಟ್ ಬರುತ್ತೆ ಅಂತ ಕೇಳಿ."

ಯಜಮಾನರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.

ಮರುದಿನ ಮಧ್ಯಾಹ್ನ ಅಳಿಯ ಮತ್ತೆ ಫೋನು ಮಾಡಿದ. "ಅತ್ತೆ, ಹಳದಿ ಇಳೀತಿದೆಯಾ? ಒಂದು ಫೋಟೋ ಕಳಿಸಿ."

"ಕಳಿಸಲ್ಲ ಅಳಿಯಂದಿರೇ," ಎಂದರು ಟೈಲರಮ್ಮ. "ಬಂದು ನೋಡಿ."

ಅವನು ಬಂದ. ಕೆಲಸದ ಬಟ್ಟೆಯಲ್ಲೇ ಇದ್ದ, ಸ್ಪ್ಯಾನರಿನ ಚೀಲ ಹೆಗಲಲ್ಲಿತ್ತು, ಉಗುರಲ್ಲಿ ಗ್ರೀಸು. ಸಿಸ್ಟರ್ ಅವನನ್ನು ಎರಡು ಸಲ ಕೈತೊಳೆಯಲು ಕಳಿಸಿದರು. ಆಮೇಲೆ ಕೂಸನ್ನು ನೀಲಿ ಪೆಟ್ಟಿಗೆಯಿಂದ ತೆಗೆದು, ಕಣ್ಣಿನ ಪಟ್ಟಿ ಬಿಚ್ಚಿ, ಕಿಟಕಿಯ ಬಳಿ ಅವನ ಕೈಗೆ ಕೊಟ್ಟರು. ಹುಟ್ಟಿ ಐದು ದಿನವಾದ ಮಗಳನ್ನು ಅವನು ನೋಡಿದ್ದು ಅದೇ ಮೊದಲು. ಫೋಟೋಗಳಲ್ಲಿದ್ದ ಬೆಳ್ಳನೆಯ ಕೂಸು ಅದಲ್ಲ. ಅವನ ಹಾಗೇ ಕಂದು ಮೈಬಣ್ಣ, ಎಡಗೆನ್ನೆಯ ಮೇಲೆ ಸಣ್ಣದೊಂದು ಹುಟ್ಟುಮಚ್ಚೆ. ಫೋನು ಅದನ್ನೂ ಒರೆಸಿಹಾಕಿತ್ತು.

"ಒತ್ತಿ ನೋಡಿ," ಎಂದರು ಸಿಸ್ಟರ್. ಅವನು ಒಂದು ಬೆರಳಿನಿಂದ ಎದೆಯನ್ನು ಮೆಲ್ಲಗೆ ಒತ್ತಿದ. ಹಳದಿ ಬಹಳ ಮಟ್ಟಿಗೆ ಇಳಿದಿತ್ತು. ಅವನ ಬೆರಳು ತಣ್ಣಗಿತ್ತೋ ಏನೋ, ಕೂಸು ಮುಖ ಕಿವುಚಿತು, ಮುಷ್ಟಿ ಬಿಗಿಯಿತು, ಬಾಯಿ ತೆರೆದು ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಕಿರುಚಿತು. ನಿಲ್ಲಿಸಲೇ ಇಲ್ಲ. ಅಳಿಯ ಹೆದರಿ, "ಅತ್ತೆ, ಏನಾಯ್ತು? ನಾನೇನಾದ್ರೂ ಮಾಡ್ಬಿಟ್ನಾ?" ಎಂದ.

ಟೈಲರಮ್ಮ ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅಳುತ್ತಿದ್ದರು. ಪಕ್ಕದಲ್ಲಿ ಯಜಮಾನರು, "ಅಳಲಿ ಬಿಡಪ್ಪ, ಅಳಲಿ. ಬೀದಿಗೆಲ್ಲ ಕೇಳಿಸಲಿ" ಎನ್ನುತ್ತಿದ್ದರು.

ಓದುತ್ತಿರುವ ಅಕ್ಕ, ಅಣ್ಣ, ಕೇಳುತ್ತಿರುವ ಅಮ್ಮಂದಿರೇ, ನಿಮ್ಮ ಕೈಯಲ್ಲೂ ಇಂಥದೊಂದು ಫೋನು ಇರಬಹುದು. ಅದನ್ನು ಎಸೆಯಬೇಡಿ, ನಾಚಿಕೆಯನ್ನೂ ಪಡಬೇಡಿ. ಅದರ ಹೊಟ್ಟೆ ಖಾಲಿ ಇಡಿ, ಬೇಕಾದ ಆ್ಯಪು ಮಲಗದ ಹಾಗೆ ನೋಡಿಕೊಳ್ಳಿ, ಅಪ್‌ಡೇಟ್ ಬಂದಾಗ ಹಾಕಿಸಿ. ತುರ್ತು ಇದ್ದರೆ ಮೆಸೇಜಿಗೆ ಕಾಯಬೇಡಿ, ನೇರವಾಗಿ ಕರೆ ಮಾಡಿ. ಆದರೆ ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ವಾರ ತುಂಬದ ಕೂಸೊಂದು ಇದ್ದರೆ ಈ ಕಾಗದವನ್ನು ಇಲ್ಲಿಗೇ ಮಡಚಿ ಏಳಿ. ಪರದೆ ಸರಿಸಿ. ಕೂಸನ್ನು ಹಗಲು ಬೆಳಕಿಗೆ ತಂದು ಕಣ್ಣು, ಎದೆ, ಅಂಗಾಲು ನೋಡಿ. ಹಳದಿ ಕಂಡರೆ, ಹಾಲಿಗೂ ಏಳದೆ ಮಲಗಿದ್ದರೆ, ಫೋಟೋ ತೆಗೆಯುತ್ತ ನಿಲ್ಲಬೇಡಿ. ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ.